ಹೈದರಾಬಾದಿನ 21 ಲಕ್ಷ, ಬೆಂಗಳೂರಿನ 16 ಲಕ್ಷ

ಹೈದರಾಬಾದಿನ ಔಷಧ ತಯಾರಿಕಾ ಕಂಪನಿಯೊಂದು 2025ರ ಮೇ ತಿಂಗಳಿನಲ್ಲಿ ನನಗೆ ವರ್ಷಕ್ಕೆ 21 ಲಕ್ಷ ರೂಪಾಯಿಯ ಆಫರ್ ಲೆಟರ್ ಕಳುಹಿಸಿತು. ಆಗ ನಾನು ಪೀಣ್ಯದ ಯಂತ್ರೋಪಕರಣ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 16 ಲಕ್ಷಕ್ಕೆ ದುಡಿಯುತ್ತಿದ್ದೆ. ಒಮ್ಮೆಗೇ ಐದು ಲಕ್ಷ, ಅಂದರೆ ಶೇಕಡಾ 31ರಷ್ಟು ಏರಿಕೆ. ಸುದ್ದಿ ಕೇಳಿದವರೆಲ್ಲ ಯೋಚಿಸುವುದೇನಿದೆ, ಹೊರಡಿ ಎಂದರು. ಹೈದರಾಬಾದು ಬೆಂಗಳೂರಿಗಿಂತ ಅಗ್ಗದ ಊರು ಎಂಬ ಮಾತನ್ನೂ ಜೊತೆಗೆ ಸೇರಿಸಿದರು. ಅಗ್ಗ ಯಾರಿಗೆ, ಎಷ್ಟು ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಅಂಕಿ ಇರಲಿಲ್ಲ. ದಿನವಿಡೀ ಪರರ ಲೆಕ್ಕ ನೋಡುವ ನಾನು ನಮ್ಮ ಮನೆಯ ಲೆಕ್ಕವನ್ನೂ ಅದೇ ಶಿಸ್ತಿನಿಂದ ನೋಡಿ ತೀರ್ಮಾನಿಸಬೇಕೆಂದು ನಿಶ್ಚಯಿಸಿದೆ.

ನಮ್ಮದು ವಿಜಯನಗರದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ಪತಿ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕರು, ಮಗಳು ನಾಲ್ಕನೇ ತರಗತಿ, ಜೊತೆಯಲ್ಲಿ ಅತ್ತೆ ಇದ್ದಾರೆ. ಈ ವಿವರ ಇಲ್ಲದೆ ಮುಂದಿನ ಒಂದು ಅಂಕಿಗೂ ಅರ್ಥವಿಲ್ಲವಾದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ಮೊದಲು ಎರಡೂ ಸಿಟಿಸಿಗಳನ್ನು, ಅಂದರೆ ಒಬ್ಬ ನೌಕರರಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚದ ಅಂಕಿಗಳನ್ನು, ಬಿಡಿಸಿ ಕೈಗೆ ಬರುವ ಸಂಬಳವನ್ನು ಕಂಡುಕೊಳ್ಳಬೇಕಿತ್ತು. ನನ್ನ 16 ಲಕ್ಷದಲ್ಲಿ ಮೂಲವೇತನ ಶೇಕಡಾ 40, ಅಂದರೆ 6,40,000 ರೂಪಾಯಿ. ಅದರ ಶೇಕಡಾ 12ರಂತೆ ಕಂಪನಿ ಕಟ್ಟುವ ಭವಿಷ್ಯನಿಧಿ 76,800, ಗ್ರಾಚ್ಯುಟಿಯ ಹೆಸರಿನಲ್ಲಿ ತೋರಿಸುವ ಶೇಕಡಾ 4.81ರ ಪಾಲು 30,784, ಗುಂಪು ವಿಮೆಯ ಕಂತು 12,416. ಇವೆಲ್ಲ ಸಂಬಳದ ಚೀಟಿಗೆ ಬರುವ ಮುನ್ನವೇ ಕಳೆದುಹೋಗಿ 14,80,000 ಉಳಿಯುತ್ತದೆ. ಆ ಮೊತ್ತದಿಂದ ನನ್ನ ಪಾಲಿನ ಭವಿಷ್ಯನಿಧಿಗೆ ಮತ್ತೆ 76,800, ವೃತ್ತಿ ತೆರಿಗೆ 2,500, ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತದ ನಂತರ ಸೆಸ್ ಸೇರಿ 94,380 ರೂಪಾಯಿ ಆದಾಯ ತೆರಿಗೆ. ತಿಂಗಳಿಗೆ ಬ್ಯಾಂಕಿಗೆ ಬೀಳುವುದು ಸರಾಸರಿ 1,08,860.

ಇದೇ ಕತ್ತರಿಯನ್ನು 21 ಲಕ್ಷಕ್ಕೆ ಹಾಕಿದಾಗ ಆದದ್ದೇ ಬೇರೆ. ಅದರಲ್ಲಿ 2,50,000 ರೂಪಾಯಿ ‘ವೇರಿಯಬಲ್’, ಅಂದರೆ ಕಂಪನಿಯ ಮತ್ತು ನನ್ನ ಸಾಧನೆಯನ್ನು ಅವರೇ ಅಳೆದು ವರ್ಷದ ಕೊನೆಗೆ ಕೊಡುವ ಹಣ. ಮೂಲವೇತನ ಶೇಕಡಾ 50 ಆಗಿದ್ದುದರಿಂದ ಕಂಪನಿಯ ಪಾಲಿನ ಭವಿಷ್ಯನಿಧಿ 1,26,000ಕ್ಕೂ ಗ್ರಾಚ್ಯುಟಿ 50,505ಕ್ಕೂ ಏರಿದ್ದವು, ವಿಮೆಗೆ 13,495. ಈ ಗ್ರಾಚ್ಯುಟಿಯಾದರೂ ಆ ಕಂಪನಿಯಲ್ಲಿ ಐದು ವರ್ಷ ಪೂರೈಸಿದರೆ ಮಾತ್ರ ನನ್ನದು. ಆದರೂ ಪ್ರತಿವರ್ಷದ ಸಂಬಳದಲ್ಲಿ ಅದನ್ನು ಎಣಿಸಿ ತೋರಿಸುತ್ತಾರೆ. ಇಷ್ಟು ಕಳೆದರೆ ಖಚಿತವಾಗಿ ಬರುವ ಮೊತ್ತ 16,60,000. ನನ್ನ ಪಾಲಿನ ಭವಿಷ್ಯನಿಧಿ 1,26,000, ತೆಲಂಗಾಣದ ವೃತ್ತಿ ತೆರಿಗೆ ತಿಂಗಳಿಗೆ 200ರಂತೆ 2,400, ಆದಾಯ ತೆರಿಗೆ 1,22,460. ಉಳಿದ ಹಣವನ್ನು ಹನ್ನೆರಡರಿಂದ ಭಾಗಿಸಿದಾಗ ಬಂದದ್ದು 1,17,428. ವರ್ಷಕ್ಕೆ ಐದು ಲಕ್ಷ ಹೆಚ್ಚು ಎಂದ ಜಾಗದಲ್ಲಿ ತಿಂಗಳಿಗೆ 8,568 ರೂಪಾಯಿ ಹೆಚ್ಚು. 31 ಎಂದದ್ದು ಶೇಕಡಾ 8ನ್ನೂ ಮುಟ್ಟಲಿಲ್ಲ.

ಕಂಪನಿಯವರು ಸುಳ್ಳು ಹೇಳಿದ್ದಾರೆಂದು ಇದರ ಅರ್ಥವಲ್ಲ. ಭವಿಷ್ಯನಿಧಿಗೆ ಎರಡೂ ಪಾಲು ಸೇರಿ ವರ್ಷಕ್ಕೆ 98,400 ರೂಪಾಯಿ ಹೆಚ್ಚು ಜಮೆಯಾಗುತ್ತದೆ, ಅದು ನನ್ನದೇ ಹಣ, 2024-25ರ ಸಾಲಿಗೆ ಅದಕ್ಕೆ ಶೇಕಡಾ 8.25ರ ಬಡ್ಡಿಯೂ ಇತ್ತು. ವೇರಿಯಬಲ್ ಪೂರ್ತಿ ಸಿಕ್ಕರೆ ತೆರಿಗೆ ಕಳೆದು 1,98,780 ರೂಪಾಯಿ ಕೈಸೇರುತ್ತದೆ. ಆದರೆ ಬಾಡಿಗೆಯನ್ನೂ ಶಾಲೆಯ ಶುಲ್ಕವನ್ನೂ ಇವೆರಡರಿಂದ ಕಟ್ಟಲಾಗುವುದಿಲ್ಲ. ಹೀಗಾಗಿ ನನ್ನ ಹಾಳೆಯಲ್ಲಿ ಮೂರು ಅಂಕಣ ಮಾಡಿದೆ: ತಿಂಗಳ ಹಣ, ಕಟ್ಟಿಹಾಕಿದ ಹಣ, ಬಂದರೆ ಬಂತು ಎನ್ನುವ ಹಣ. ಸಂಬಳದ ಮಾತುಕತೆಗಳಲ್ಲಿ ಈ ಮೂರನ್ನೂ ಒಂದೇ ರಾಶಿಗೆ ಸುರಿಯುವುದೇ ಗೊಂದಲದ ಮೂಲ ಎಂಬುದು ನನ್ನ ಅಭಿಪ್ರಾಯ.

ಹಳೆಯ ತೆರಿಗೆ ಪದ್ಧತಿಯನ್ನೂ ಒಮ್ಮೆ ಪರೀಕ್ಷಿಸಿದೆ. ಮನೆ ಬಾಡಿಗೆ ಭತ್ಯೆಯ ವಿನಾಯಿತಿಯಲ್ಲಿ 2025-26ರ ಸಾಲಿಗೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ಈ ನಾಲ್ಕಕ್ಕೆ ಮಾತ್ರ ಮೂಲವೇತನದ ಶೇಕಡಾ 50ರ ಮಿತಿ. ಬೆಂಗಳೂರು, ಹೈದರಾಬಾದು ಎರಡಕ್ಕೂ 40. ನಮಗೆ ಗೃಹಸಾಲವೂ ಇಲ್ಲದ ಕಾರಣ ಹಳೆಯ ಪದ್ಧತಿಯಿಂದ ಎಲ್ಲಿಯೂ ಲಾಭವಾಗಲಿಲ್ಲ.

ನಂತರದ ಪ್ರಶ್ನೆ ಜೀವನವೆಚ್ಚದ್ದು. ಕೇಂದ್ರ ಸರ್ಕಾರ ತನ್ನ ನೌಕರರ ಬಾಡಿಗೆ ಭತ್ಯೆಗಾಗಿ ನಗರಗಳನ್ನು ಎಕ್ಸ್, ವೈ, ಝಡ್ ಎಂದು ವಿಂಗಡಿಸಿದೆ. 2024ರ ಜನವರಿಯಿಂದ ತುಟ್ಟಿಭತ್ಯೆ ಶೇಕಡಾ 50 ಮುಟ್ಟಿದ ಮೇಲೆ ಈ ದರಗಳು ಕ್ರಮವಾಗಿ ಮೂಲವೇತನದ ಶೇಕಡಾ 30, 20, 10. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರುಗಳು ವೈ ವರ್ಗದಲ್ಲಿವೆ, ಬೆಂಗಳೂರು ಮತ್ತು ಹೈದರಾಬಾದು ಎರಡೂ ಎಕ್ಸ್. ಸರ್ಕಾರದ ಕಣ್ಣಿನಲ್ಲಿ ಈ ಎರಡು ಊರುಗಳ ಬಾಡಿಗೆ ಒಂದೇ. ಇನ್ನು ಲೇಬರ್ ಬ್ಯೂರೋ ಪ್ರತಿ ತಿಂಗಳು ಕೇಂದ್ರವಾರು ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಎರಡೂ ನಗರಗಳ ಅಂಕಿ ಸಿಗುತ್ತದೆ. ಅವುಗಳನ್ನು ಅಕ್ಕಪಕ್ಕ ಇಟ್ಟು ಯಾವುದು ದುಬಾರಿ ಎಂದು ಹೇಳುವವರನ್ನು ನಾನು ನೋಡಿದ್ದೇನೆ. ಅದು ಸಲ್ಲದು: 2016ನ್ನು ಪ್ರತಿ ಊರಿನಲ್ಲಿಯೂ 100 ಎಂದು ಇಟ್ಟುಕೊಂಡು ಅಲ್ಲಿಂದ ಆ ಊರಿನ ಬೆಲೆ ಎಷ್ಟು ಏರಿತು ಎಂದು ಮಾತ್ರ ಆ ಸೂಚ್ಯಂಕ ತಿಳಿಸುತ್ತದೆ. ಮೊದಲೇ ದುಬಾರಿಯಾಗಿದ್ದ ಊರಿನ ಸೂಚ್ಯಂಕ ಕಡಿಮೆ ಇರುವುದೂ ಸಾಧ್ಯ. ಊರುಗಳನ್ನು ಹೋಲಿಸುವ ಮೊಬೈಲ್ ಕ್ಯಾಲ್ಕುಲೇಟರ್‌ಗಳಾದರೋ ಹೊರಗಿನ ಊಟ, ಜಿಮ್ ಶುಲ್ಕ, ಸಿನಿಮಾ ಟಿಕೆಟ್‌ಗಳನ್ನೆಲ್ಲ ಸೇರಿಸಿ ಒಂದು ಸರಾಸರಿ ಕೊಡುತ್ತವೆ. ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ, ತೀರ್ಥಹಳ್ಳಿಗೆ ಹೋಗಿಬರುವ ಬಸ್ ಚಾರ್ಜು ಅದರಲ್ಲಿ ಇರುವುದಿಲ್ಲ. ನಮ್ಮ ಬ್ಯಾಂಕ್ ಪಾಸ್‌ಬುಕ್ಕಿಗಿಂತ ಒಳ್ಳೆಯ ಸೂಚ್ಯಂಕ ನಮಗೆ ಬೇರೆ ಇಲ್ಲವೆಂದು ತಿಳಿದು, ಹಿಂದಿನ ಒಂದು ವರ್ಷದ ಖರ್ಚನ್ನೆಲ್ಲ ಬಾಬ್ತುಗಳಾಗಿ ವಿಂಗಡಿಸಿದೆ.

ಬೆಂಗಳೂರಿನ ಖರ್ಚು ತಿಂಗಳಿಗೆ ಸರಾಸರಿ 80,800 ರೂಪಾಯಿ ಬಂತು. ಇದರಲ್ಲಿ ಬಾಡಿಗೆ 26,000. ಇದು ಹಳೆಯ ಬಾಡಿಗೆದಾರರ ದರ, ವರ್ಷಕ್ಕೆ ಶೇಕಡಾ 5ರಂತೆ ಏರುತ್ತ ಬಂದದ್ದು. ಅದೇ ರಸ್ತೆಯಲ್ಲಿ ಅಂಥದೇ ಮನೆಗೆ ಹೊಸದಾಗಿ ಬರುವವರಿಗೆ 33,000 ಹೇಳುತ್ತಿದ್ದರು. ಕರೆಂಟ್ ಬಿಲ್ ಸೊನ್ನೆ, ಏಕೆಂದರೆ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ನಮ್ಮ ಬಳಕೆ 140 ಯೂನಿಟ್ ದಾಟುವುದಿಲ್ಲ. ನಾನೂ ಅತ್ತೆಯವರೂ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ಹಣ ಕೊಟ್ಟಿಲ್ಲ. ಇವು ಸಂಬಳದ ಚೀಟಿಯಲ್ಲಿ ಕಾಣದ, ಆದರೆ ರಾಜ್ಯ ಬಿಟ್ಟರೆ ಬಿಟ್ಟುಹೋಗುವ ಆದಾಯ. ತೆಲಂಗಾಣದಲ್ಲಿಯೂ ಮಹಿಳೆಯರಿಗೆ ಉಚಿತ ಬಸ್ಸು 2023ರ ಡಿಸೆಂಬರ್‌ನಿಂದ ಇದೆ, ಆದರೆ ಅಲ್ಲಿನ ವಿಳಾಸದ ಗುರುತಿನ ಚೀಟಿ ಬೇಕು. ಅಲ್ಲಿನ ಗೃಹಜ್ಯೋತಿಗೆ ಪಡಿತರ ಚೀಟಿ ಬೇಕು, ಅದು ನಮಗೆ ಸಿಗುವಂಥದ್ದಲ್ಲ.

ಕಾಗದದ ಮೇಲಿನ ಹೈದರಾಬಾದನ್ನು ಕಣ್ಣಾರೆ ನೋಡಲು ವಾರಾಂತ್ಯದಲ್ಲಿ ಕಾಚಿಗುಡ ರೈಲು ಹಿಡಿದು ಹೋದೆ. ಮಿಯಾಪುರದಲ್ಲಿ ನನ್ನ ಕಾಲೇಜಿನ ಗೆಳತಿ ಹತ್ತು ವರ್ಷಗಳಿಂದ ಇದ್ದಾಳೆ. ಕೇಳಬೇಕಾದ್ದನ್ನೆಲ್ಲ ಕೇಳಿದ ಮೇಲೆ ಅವಳು ಒಂದು ವರ್ಷದ ಕರೆಂಟ್ ಬಿಲ್ಲುಗಳನ್ನು ರಬ್ಬರ್ ಬ್ಯಾಂಡ್ ಬಿಚ್ಚಿ ಊಟದ ಮೇಜಿನ ಮೇಲೆ ಸಾಲಾಗಿ ಹರಡಿದಳು. ಜನವರಿಯದು ಏಳುನೂರರ ಆಸುಪಾಸು, ಮೇ ತಿಂಗಳದು 4,600. ಎರಡು ಕೋಣೆಗಳಲ್ಲಿ ಎ.ಸಿ., ಹಾಲಿನಲ್ಲಿ ಕೂಲರ್. ಹೊರಗೆ ನಲವತ್ತು ಡಿಗ್ರಿ ದಾಟಿದ್ದಾಗ ಅದು ಐಷಾರಾಮ ಅಲ್ಲ ಎಂಬುದು ಅವಳ ಮನೆಯ ಬಾಲ್ಕನಿಯಲ್ಲಿ ಐದು ನಿಮಿಷ ನಿಂತಾಗಲೇ ತಿಳಿಯಿತು. ಫ್ಯಾನಿನಲ್ಲೇ ಬೇಸಿಗೆ ಕಳೆಯುವ ವಿಜಯನಗರದ ಮನೆಗೆ ಹೋಲಿಸಿ, ವರ್ಷದ ಸರಾಸರಿಯಾಗಿ ತಿಂಗಳಿಗೆ 2,200 ಎಂದು ಬರೆದುಕೊಂಡೆ, ಎ.ಸಿ. ಕೊಳ್ಳುವ ಖರ್ಚು ಬೇರೆ.

ಹೈದರಾಬಾದಿನ ಪರವಾಗಿ ಹೇಳಬೇಕಾದದ್ದೂ ಇದೆ. ಅಡ್ವಾನ್ಸ್ ವಿಷಯದಲ್ಲಿ ಅಲ್ಲಿನವರು ಬಹಳ ಸಭ್ಯರು: ನೋಡಿದ ಮನೆಗಳಿಗೆಲ್ಲ ಎರಡು ತಿಂಗಳ ಬಾಡಿಗೆಯನ್ನೇ ಕೇಳಿದರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಹೇಳಿದ ಮಿತಿಯೂ ಅದೇ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ಬೆಂಗಳೂರಿಗರಿಗೆ ಇದು ಮೊದಲು ನಂಬಲಾಗದ ವಿಷಯ. ಬೆಂಗಳೂರಿನಲ್ಲಿ ಈಗ ಐದಾರು ತಿಂಗಳಿಗೆ ಇಳಿದಿದೆಯಾದರೂ, ಮನೆ ಬಿಡುವಾಗ ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಮಾತ್ರ ಗಟ್ಟಿಯಾಗಿ ನಿಂತಿದೆ. ನೀರಿನ ವಿಷಯದಲ್ಲಿಯೂ ಅಲ್ಲಿನ ಜಲಮಂಡಳಿ 2021ರ ಆರಂಭದಿಂದ ನಗರದ ಮನೆಗಳಿಗೆ ತಿಂಗಳಿಗೆ 20,000 ಲೀಟರ್ ಉಚಿತವಾಗಿ ಕೊಡುತ್ತಿದೆ. 2024ರ ಬೇಸಿಗೆಯಲ್ಲಿ ನಮ್ಮ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿಯ ಮಿತಿ ಹೇರಬೇಕಾಗಿ ಬಂದದ್ದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಮೆಟ್ರೊ ಮಾತ್ರ ಯಾರೂ ಯಾರನ್ನೂ ಬೆರಳು ಮಾಡಿ ತೋರಿಸುವಂತಿಲ್ಲ: ಎರಡೂ ಕಡೆ ಗರಿಷ್ಠ ದರ 60 ಇದ್ದದ್ದು, ಬೆಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ 90ಕ್ಕೆ, ಹೈದರಾಬಾದಿನಲ್ಲಿ ಮೇ ತಿಂಗಳಲ್ಲಿ 75ಕ್ಕೆ ಏರಿ ರಿಯಾಯಿತಿಯ ನಂತರ 69ಕ್ಕೆ ನಿಂತಿತು. ನಾನು ಸೇರಬೇಕಿದ್ದ ಕಚೇರಿ ಇದ್ದ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ಗೆ ಮೆಟ್ರೊ ಹೋಗುವುದೇ ಇಲ್ಲ, ರಾಯದುರ್ಗದಲ್ಲಿ ಇಳಿದು ಬೇರೆ ವಾಹನ ಹಿಡಿಯಬೇಕು.

ದಿನಸಿ, ತರಕಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೂಕಟ್‌ಪಲ್ಲಿಯ ರೈತು ಬಜಾರಿನಲ್ಲಿ ತರಕಾರಿ ನಮ್ಮ ವಿಜಯನಗರ ಮಾರುಕಟ್ಟೆಗಿಂತ ಸ್ವಲ್ಪ ಅಗ್ಗವಾಗಿತ್ತು, ಹಾಲು ಇಲ್ಲಿಗಿಂತ ದುಬಾರಿ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ ಮೇಲೂ ನಂದಿನಿ ಅಗ್ಗವೇ. ಅಕ್ಕಿ ಎರಡೂ ಕಡೆ ಸೋನಾ ಮಸೂರಿ. ಒಟ್ಟು ಮೊತ್ತ ಹೆಚ್ಚುಕಡಿಮೆ ಸಮ ಬಂದುದರಿಂದ ಎರಡೂ ಕಡೆ 19,000 ಎಂದೇ ಬರೆದೆ. ಊರುಗಳನ್ನು ಹೋಲಿಸುವಾಗ ಜನ ಟೊಮೆಟೊ ಬೆಲೆಯ ಬಗ್ಗೆಯೇ ಹೆಚ್ಚು ಮಾತನಾಡುತ್ತಾರೆ, ವ್ಯತ್ಯಾಸವಿರುವುದು ಬೇರೆಡೆ.

ಶಾಲೆಯ ಶುಲ್ಕ ತಿಂಗಳ ಲೆಕ್ಕದಲ್ಲಿ 9,500ರಿಂದ 12,500ಕ್ಕೆ ಏರುತ್ತಿತ್ತು. ಇಲ್ಲಿ ಆಗಲೇ ಕಟ್ಟಿದ್ದ ಮೊದಲ ಕಂತು ವಾಪಸು ಬರುವಂತಿರಲಿಲ್ಲ. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಹತ್ತನೇ ತರಗತಿಯವರೆಗೆ ತೆಲುಗು ಕಲಿಕೆ ಕಡ್ಡಾಯ. ನಮ್ಮಲ್ಲಿ 2015ರ ಕಾಯ್ದೆ ಕನ್ನಡಕ್ಕೆ ಮಾಡಿದ್ದನ್ನೇ ಅವರು ತೆಲುಗಿಗೆ ಮಾಡಿದ್ದಾರೆ, ಆಕ್ಷೇಪಿಸುವಂಥದ್ದೇನಿಲ್ಲ. ಲಿಪಿಯೂ ಹತ್ತಿರದ್ದು, ಮಗಳು ಆರು ತಿಂಗಳಲ್ಲಿ ಓದಿಯಾಳು. ಕಾರಿನ ತೊಡಕು ಇನ್ನೊಂದು: ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿ ಮರುನೋಂದಣಿ ಮಾಡಿಸಬೇಕು, ಅಲ್ಲಿನ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯ ಉಳಿಕೆಗೆ ಅರ್ಜಿ ಹಾಕಿ ಕಾಯಬೇಕು.

ಹೀಗೆ ಬಾಡಿಗೆ ಮತ್ತು ನಿರ್ವಹಣೆ 32,000, ಊರಿಗೆ ಹೋಗಿಬರುವುದು 2,500ರಿಂದ 6,000, ಓಡಾಟ 6,000 ಎಂದೆಲ್ಲ ಕೂಡಿಸಿದಾಗ ಹೈದರಾಬಾದಿನ ತಿಂಗಳ ಖರ್ಚು 96,500 ಆಯಿತು. ಖರ್ಚಿನಲ್ಲಿ ವ್ಯತ್ಯಾಸ 15,700. ಸಂಬಳದ ಹೆಚ್ಚಳ 8,568. ಇಲ್ಲಿಗೇ ನಿಂತಿದ್ದರೂ ಲೆಕ್ಕ ಹೊಂದುತ್ತಿರಲಿಲ್ಲ, ಆದರೆ ದೊಡ್ಡ ಅಂಕಿ ಇನ್ನೂ ಬಾಕಿಯಿತ್ತು.

ಅದು ಪತಿಯ ಸಂಬಳ. ಅವರಿಗೆ ಕೈಗೆ ಬರುವುದು 42,000. ಕನ್ನಡ ಉಪನ್ಯಾಸಕರಿಗೆ ಹೈದರಾಬಾದಿನಲ್ಲಿ ಕೆಲಸವೆಲ್ಲಿ? ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡಿಗರ ಶಾಲೆಯಿದೆ, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಕನ್ನಡ ವಿಭಾಗದ ಇತಿಹಾಸವಿದೆ, ಕಲಬುರಗಿ, ರಾಯಚೂರು, ಬೀದರ್ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಕಾಲದ ನಂಟು ಅದು. ಆದರೆ ನಂಟಿನಿಂದ ಹುದ್ದೆ ಹುಟ್ಟುವುದಿಲ್ಲ. ಅವರು ಕೆಲಸ ಬಿಟ್ಟು ಬಂದರೆ ಕನಿಷ್ಠ ಒಂದು ವರ್ಷ ಆ ಆದಾಯ ಸೊನ್ನೆ ಎಂದೇ ಹಿಡಿಯಬೇಕು. ಬೆಂಗಳೂರಿನಲ್ಲಿ ಇಬ್ಬರ ದುಡಿಮೆ 1,50,860, ಖರ್ಚು ಕಳೆದು ಉಳಿತಾಯ 70,060. ಹೈದರಾಬಾದಿನಲ್ಲಿ ನನ್ನೊಬ್ಬಳ ದುಡಿಮೆಯಿಂದ ಉಳಿಯುವುದು 20,928. ತಿಂಗಳಿಗೆ 49,132 ರೂಪಾಯಿ ಹಿಂದೆ. ಭವಿಷ್ಯನಿಧಿಯ ಹೆಚ್ಚಿನ ಜಮೆಯನ್ನೂ ಪೂರ್ತಿ ವೇರಿಯಬಲ್ ಹಣವನ್ನೂ ಉದಾರವಾಗಿ ಸೇರಿಸಿದರೂ 24,000ಕ್ಕಿಂತ ಹೆಚ್ಚು ಕೊರತೆ.

ನಾನೊಬ್ಬಳೇ ಹೋಗಿ ಪಿಜಿಯಲ್ಲಿದ್ದು ಎರಡು ವಾರಕ್ಕೊಮ್ಮೆ ಬರುವ ಲೆಕ್ಕವನ್ನೂ ಹಾಕಿದೆವು. ಆಗ ಪತಿಯ ಸಂಬಳ ಉಳಿಯುತ್ತದೆ, ಎರಡು ಮನೆಗಳ ಖರ್ಚು ಬೀಳುತ್ತದೆ, ಉಳಿತಾಯ ಸುಮಾರು 55,600. ಇಲ್ಲೇ ಇದ್ದರೆ ಉಳಿಯುವುದಕ್ಕಿಂತ ಅದೂ ಕಡಿಮೆ. ಹಾಳೆಯಲ್ಲಿ ಆ ಸಾಲಿನ ಪಕ್ಕ ಮಗಳ ಹೆಸರು ಬರೆದು ಪತಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು.

ಈ ಹಂತದಲ್ಲಿ ಪ್ರಶ್ನೆಯನ್ನೇ ತಿರುಗಿಸಿದೆ. ಅವರು ಕೊಡುವುದು ಸಾಕೇ ಎಂದು ಕೇಳುವ ಬದಲು, ಈಗಿನಷ್ಟೇ ಉಳಿತಾಯ ಆಗಬೇಕಾದರೆ ಎಷ್ಟು ಕೊಡಬೇಕು ಎಂದು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹತ್ತಿಸಿದೆ. ತಿಂಗಳಿಗೆ 49,132 ಎಂದರೆ ವರ್ಷಕ್ಕೆ 5,89,584. ಆದರೆ ನನ್ನ ಆದಾಯ ಆ ಮಟ್ಟದಲ್ಲಿ ಶೇಕಡಾ 20, ನಂತರ 25ರ ತೆರಿಗೆ ಹಂತಗಳನ್ನು ದಾಟಬೇಕಾದ್ದರಿಂದ ಅಷ್ಟು ಕೈಗೆ ಸಿಗಲು ಸುಮಾರು 7,66,500 ರೂಪಾಯಿ ಹೆಚ್ಚು ಸಂಬಳ ಬೇಕು. ಮೂಲವೇತನವನ್ನು ಇದ್ದಲ್ಲೇ ಇಟ್ಟರೂ ಸಿಟಿಸಿ 28.7 ಲಕ್ಷದ ಹತ್ತಿರ ಆಗಬೇಕು. ಇದು ಲಾಭದ ಅಂಕಿಯಲ್ಲ, ಇದ್ದ ಸ್ಥಿತಿಯಲ್ಲೇ ಇರಲು ಬೇಕಾದ ಅಂಕಿ.

ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಇದನ್ನು ವಿವರಿಸಿದಾಗ ಅವರು ಮೊದಲು ಕೊಟ್ಟ ಉತ್ತರ ಸ್ವಾರಸ್ಯಕರವಾಗಿತ್ತು. ಭವಿಷ್ಯನಿಧಿಯನ್ನು 15,000 ರೂಪಾಯಿಯ ಶಾಸನಬದ್ಧ ವೇತನ ಮಿತಿಗೆ ಇಳಿಸಿ ತಿಂಗಳಿಗೆ 1,800 ಮಾತ್ರ ಕಟ್ಟಿದರೆ ಕೈಗೆ ಬರುವ ಸಂಬಳ ಹದಿನೈದು ಸಾವಿರಕ್ಕೂ ಹೆಚ್ಚು ಏರುತ್ತದೆ ಎಂದರು. ಏರುವುದು ನಿಜ. ಆದರೆ ತೆರಿಗೆಯಿಲ್ಲದೆ ಜಮೆಯಾಗುತ್ತಿದ್ದ ಕಂಪನಿಯ ಪಾಲು ಭತ್ಯೆಯಾಗಿ ಬಂದು, ಅದರ ಮೇಲೆ ವರ್ಷಕ್ಕೆ 21,000ದಷ್ಟು ತೆರಿಗೆ ಬೀಳುತ್ತದೆ. ನನ್ನ ನಿವೃತ್ತಿಯ ಹಣವನ್ನು ನನಗೇ ಸಂಬಳವೆಂದು ಕೊಟ್ಟು, ಮಧ್ಯದಲ್ಲಿ ತೆರಿಗೆ ಕಟ್ಟಿಸುವ ಏರ್ಪಾಟಿಗೆ ಏರಿಕೆ ಎಂಬ ಹೆಸರು ಹೊಂದುವುದಿಲ್ಲ ಎಂದು ವಿನಯವಾಗಿಯೇ ಬರೆದೆ. ನಂತರ 23.5 ಲಕ್ಷಕ್ಕೆ ಬಂದರು, ಸಾಗಣೆಗೆ 1,50,000 ಕೊಡುವುದಾಗಿಯೂ ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಅದನ್ನು ಹಿಂತಿರುಗಿಸಬೇಕೆಂದೂ ಸೇರಿಸಿದರು. ಎರಡು ವರ್ಷಗಳ ನಂತರ ಮರಳಿ ಬರಬೇಕಾದರೆ ವಿಜಯನಗರದಲ್ಲಿ ಹೊಸ ಅಡ್ವಾನ್ಸು, 33,000ಕ್ಕೂ ಮೇಲಿನ ಬಾಡಿಗೆ, ಮಗಳಿಗೆ ಹೊಸ ಶಾಲೆ. ಹೋಗುವ ಖರ್ಚಿಗೆ ಕಂಪನಿಗಳಲ್ಲಿ ಬಾಬ್ತು ಇರುತ್ತದೆ, ಮರಳುವ ಖರ್ಚಿಗೆ ಇರುವುದಿಲ್ಲ. ಆಫರ್ ನಿರಾಕರಿಸಿದೆ.

ಇದರಿಂದ ಹೈದರಾಬಾದಿಗೆ ಹೋಗಬಾರದೆಂದು ಯಾರೂ ತಿಳಿಯಬೇಕಿಲ್ಲ. ಮಾರತ್ತಹಳ್ಳಿಯ ಪಿಜಿಯಲ್ಲಿರುವ, ಮದುವೆಯಾಗದ ನಮ್ಮ ಕಚೇರಿಯ ಹುಡುಗನೊಬ್ಬ ಇಂಥದೇ ಆಫರ್ ತಂದು ತೋರಿಸಿದಾಗ, ಅವನ ಹಾಳೆಯಲ್ಲಿ ಎರಡನೇ ಸಂಬಳವೂ ಇರಲಿಲ್ಲ, ಶಾಲೆಯೂ ಇರಲಿಲ್ಲ, ಕಡಿಮೆ ಅಡ್ವಾನ್ಸ್ ಮಾತ್ರ ಎದ್ದು ಕಾಣುತ್ತಿತ್ತು. ಹೋಗು ಎಂದೆ, ಹೋದ.

ನಿರಾಕರಿಸಿದ ಮೇಲೆ ಆ ಕಂಪನಿಯವರು, ತಮ್ಮ ಬೆಂಗಳೂರು ಶಾಖೆಯಲ್ಲಿ ಹುದ್ದೆ ತೆರೆದರೆ ಎಷ್ಟಕ್ಕೆ ಬರುವಿರಿ ಎಂದು ಕೇಳಿದರು. ಮೂಲವೇತನ ಶೇಕಡಾ 40, ವೇರಿಯಬಲ್ ಇಲ್ಲದೆ 18 ಲಕ್ಷ ಎಂದು ಬರೆದೆ. ಆ ಲೆಕ್ಕದಲ್ಲಿ ಕೈಗೆ ಬರುವುದು 1,21,000 ದಾಟುತ್ತದೆ, ಅವರ 21 ಲಕ್ಷಕ್ಕಿಂತ ಹೆಚ್ಚು. ಅವರು 17.6 ಲಕ್ಷ ಎಂದಿದ್ದಾರೆ, ಮೂಲವೇತನ ಎಷ್ಟು ಎಂಬುದನ್ನು ಇನ್ನೂ ತಿಳಿಸಿಲ್ಲ. ಅದು ಬಂದ ಮೇಲೆ ಮುಂದಿನ ಮಾತು.